ಅಕ್ವೇರಿಯಂ ನೀರು ಬೆಳ್ಳಗಾದರೆ ಬದಲಿಸಲು ಓಡಬೇಡಿ

ಹೊಸ ಅಕ್ವೇರಿಯಂ ಮನೆಗೆ ಬಂದ ದಿನ ಒಳಗೆ ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿರುತ್ತದೆ. ಮೂರನೇ ದಿನವೋ ನಾಲ್ಕನೇ ದಿನವೋ ಬೆಳಿಗ್ಗೆ ಎದ್ದು ಲೈಟ್ ಹಾಕಿದರೆ ಎಲ್ಲೆಲ್ಲೂ ಬಿಳಿ ಮಬ್ಬು. ಗಾಜಿನ ಹಿಂದೆ ಅಂಟಿಸಿದ ಚಿತ್ರ ಮಸುಕು, ಮೀನು ಹತ್ತಿರ ಬಂದಾಗ ಮಾತ್ರ ಕಾಣುತ್ತದೆ. ಆಗ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಒಂದೇ: ಮೀನನ್ನು ಬಕೆಟ್‌ಗೆ ಬಿಟ್ಟು, ನೀರನ್ನೆಲ್ಲ ಚೆಲ್ಲಿ, ಕಲ್ಲು ಉಜ್ಜಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ತೊಳೆದು, ಹೊಸ ನೀರು ತುಂಬುವುದು. ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಮಬ್ಬು. ಮೂರನೇ ಸಲ ತೊಳೆಯುವ ಹೊತ್ತಿಗೆ ಅರ್ಧಕ್ಕರ್ಧ ಮೀನು ಸತ್ತಿರುತ್ತವೆ. ‘ನಮ್ಮನೆಗೆ ಮೀನು ಆಗಿಬರಲ್ಲ’ ಎಂಬ ತೀರ್ಮಾನವಾಗಿ ಟ್ಯಾಂಕ್ ಅಟ್ಟ ಸೇರುತ್ತದೆ.

ಆಗಿಬರದೆ ಇದ್ದದ್ದು ಮೀನಲ್ಲ, ತೊಳೆಯುವ ಆತುರ. ಹೊಸ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾಗಳು ನೆಲೆಯೂರುವಾಗ ಈ ಬಿಳಿ ಮಬ್ಬು ಬಂದು ಹೋಗುವುದು ಸಹಜ. ಅದು ಯಾಕೆ ಬರುತ್ತದೆ, ಎಷ್ಟು ದಿನಕ್ಕೆ ಹೋಗುತ್ತದೆ, ಯಾವಾಗ ಕೈಹಾಕಬೇಕು, ಯಾವಾಗ ಕೈಕಟ್ಟಿ ಕೂರಬೇಕು ಎನ್ನುವುದು ತಿಳಿಯಬೇಕಾದರೆ ಟ್ಯಾಂಕಿನೊಳಗಿನ ರಸಾಯನ ಸ್ವಲ್ಪ ಗೊತ್ತಿರಬೇಕು.

ಅಮೋನಿಯಾದ ಲೆಕ್ಕ

ಮೀನಿನ ಹೊಲಸು ಎಂದರೆ ತಳದಲ್ಲಿ ಕಾಣುವ ಮಲ ಎಂದುಕೊಂಡಿರುತ್ತೇವೆ. ನಿಜವಾಗಿ ಕೊಲ್ಲುವಂಥದ್ದು ಕಣ್ಣಿಗೆ ಕಾಣುವುದೇ ಇಲ್ಲ. ತಿಂದ ಪ್ರೋಟೀನು ಮೀನಿನ ದೇಹದಲ್ಲಿ ಕರಗಿದಾಗ ಹುಟ್ಟುವ ಅಮೋನಿಯಾದ ಬಹುಪಾಲು ಕಿವಿರುಗಳ ಮೂಲಕವೇ ನೀರಿಗೆ ಇಳಿಯುತ್ತದೆ. ಹೀಗಾಗಿ ಮೀನು ಬದುಕಿರುವಷ್ಟು ಹೊತ್ತೂ, ರಾತ್ರಿ ಹಗಲೆನ್ನದೆ, ಅಮೋನಿಯಾ ಸೇರುತ್ತಲೇ ಇರುತ್ತದೆ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆ, ಕಲ್ಲಿನ ಸಂದಿಯಲ್ಲಿ ಸತ್ತು ಸಿಕ್ಕಿಕೊಂಡ ಮೀನು ಎಲ್ಲವೂ ಕೊನೆಗೆ ಅಲ್ಲಿಗೇ ಬರುತ್ತವೆ.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಜನ ದಿನವಿಡೀ ಪುರಿ ಎರಚುತ್ತಾರೆ, ಮೀನುಗಳು ಮುಗಿಬಿದ್ದು ತಿನ್ನುತ್ತವೆ. ಅದು ಹರಿಯುವ ಹೊಳೆ, ತ್ಯಾಜ್ಯ ಒಂದೆಡೆ ನಿಲ್ಲುವುದಿಲ್ಲ. ನಮ್ಮ ಹಜಾರದ 2 ಅಡಿ ಟ್ಯಾಂಕಿನಲ್ಲಿ ನೀರು ಎಲ್ಲಿಗೂ ಹರಿದು ಹೋಗುವುದಿಲ್ಲ. ಅಲ್ಲಿ ಅಮೋನಿಯಾವನ್ನು ಯಾರಾದರೂ ತಿಂದು ಮುಗಿಸಬೇಕು.

ಆ ಕೆಲಸ ಮಾಡುವ ಸೂಕ್ಷ್ಮಜೀವಿಗಳು ಎರಡು ಗುಂಪಿನವು. ನೈಟ್ರೊಸೊಮೊನಾಸ್‌ನಂಥವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೊಸ್ಪೈರಾ ಗುಂಪಿನವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇವುಗಳಲ್ಲಿ ಅಮೋನಿಯಾ ಮೀನಿನ ಕಿವಿರನ್ನು ಸುಡುತ್ತದೆ. ನೈಟ್ರೈಟ್ ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡುತ್ತದೆ. ಆಗ ಕಿವಿರು ಕೆಂಪಿನ ಬದಲು ಕಂದು ತಿರುಗುತ್ತದೆ, ನೀರಿನಲ್ಲಿ ಆಮ್ಲಜನಕ ಎಷ್ಟಿದ್ದರೂ ಮೀನು ಬಾಯಿ ಬಿಡುತ್ತದೆ. ಕೊನೆಯಲ್ಲಿ ಉಳಿಯುವ ನೈಟ್ರೇಟ್ ಅಷ್ಟು ಅಪಾಯದ್ದಲ್ಲ. ಲೀಟರಿಗೆ 40 ಮಿಲಿಗ್ರಾಂ ದಾಟದಂತೆ ನೋಡಿಕೊಂಡರೆ ಸಾಮಾನ್ಯ ಮೀನುಗಳಿಗೆ ನಡೆಯುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದು ಮುಖ್ಯವಾಗಿ ಈ ನೈಟ್ರೇಟನ್ನು ಹೊರಹಾಕಲಿಕ್ಕೇ.

ಹಳೆಯ ಪಠ್ಯಪುಸ್ತಕಗಳಲ್ಲಿ ಎರಡನೇ ಹಂತದ ಕೆಲಸಕ್ಕೆ ನೈಟ್ರೊಬ್ಯಾಕ್ಟರ್ ಎಂಬ ಹೆಸರಿರುತ್ತದೆ. ಅಕ್ವೇರಿಯಂ ಫಿಲ್ಟರುಗಳಲ್ಲಿ ಡಿಎನ್‌ಎ ಹುಡುಕಿ ನೋಡಿದಾಗ ಅಲ್ಲಿ ಹೆಚ್ಚಾಗಿ ಇದ್ದದ್ದು ನೈಟ್ರೊಸ್ಪೈರಾ ಎಂದು ತೊಂಬತ್ತರ ದಶಕದ ಕೊನೆಗೆ ಗೊತ್ತಾಯಿತು. 2015ರಲ್ಲಿ ಇನ್ನೊಂದು ಸೋಜಿಗ: ನೈಟ್ರೊಸ್ಪೈರಾದ ಕೆಲವು ಬಗೆಗಳು ಎರಡೂ ಹಂತವನ್ನು ತಾವೇ ಮುಗಿಸುತ್ತವೆ. ಅಂಥದ್ದು ಸಿಕ್ಕ ಜಾಗಗಳಲ್ಲಿ ಒಂದು, ಮೀನು ಸಾಕುವ ವ್ಯವಸ್ಥೆಯ ಫಿಲ್ಟರೇ.

ಬಯಲುಸೀಮೆಯವರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ, ಒಂದು ವಿಷ, ಇನ್ನೊಂದು ಅಷ್ಟೇನೂ ತೊಂದರೆ ಕೊಡದ ಅಮೋನಿಯಂ. ಯಾವುದು ಎಷ್ಟು ಎನ್ನುವುದು ಪಿಎಚ್ ಮೇಲೆ, ಅಂದರೆ ನೀರು ಆಮ್ಲವೋ ಕ್ಷಾರವೋ ಎಂದು ಹೇಳುವ ಅಂಕಿಯ ಮೇಲೆ ನಿಂತಿದೆ (7 ನಡುಮಟ್ಟ, ಅದಕ್ಕಿಂತ ಮೇಲಾದರೆ ಕ್ಷಾರ). 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ವಿಷರೂಪದ ಪಾಲು ಶೇ 0.6ರಷ್ಟು. ಪಿಎಚ್ 8 ಆದರೆ ಅದು ಶೇ 5ನ್ನು ದಾಟುತ್ತದೆ. ಒಂದೇ ಅಂಕಿಯ ವ್ಯತ್ಯಾಸಕ್ಕೆ ಸುಮಾರು ಹತ್ತು ಪಟ್ಟು! ಗಡುಸು ಬೋರ್‌ವೆಲ್ ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೇ ಇರುವುದರಿಂದ, ಅಂಥ ನೀರು ತುಂಬಿದ ಹೊಸ ಟ್ಯಾಂಕಿನಲ್ಲಿ ಮೊದಲ ವಾರಗಳು ಹೆಚ್ಚು ಕಷ್ಟದವು.

ಬಿಳಿ ಮಬ್ಬು ಎಲ್ಲಿಂದ ಬಂತು

ಈಗ ಮಬ್ಬಿನ ವಿಷಯಕ್ಕೆ ಬರೋಣ. ಮೇಲೆ ಹೇಳಿದ ಅಮೋನಿಯಾ ತಿನ್ನುವ ಜೀವಿಗಳು ಬಹಳ ನಿಧಾನ. ಅನುಕೂಲ ಎಲ್ಲ ಸರಿಯಿದ್ದರೂ ಸಂಖ್ಯೆ ಎರಡರಷ್ಟಾಗಲು ಅರ್ಧ ದಿನದಿಂದ ಒಂದೆರಡು ದಿನ ಬೇಕು. ಇವುಗಳ ಜೊತೆಗೆ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಗಳು ಎಲ್ಲ ನೀರಿನಲ್ಲೂ ಇರುತ್ತವೆ. ಅವು ಕೊಳೆಯುವ ಸಾವಯವ ಪದಾರ್ಥವನ್ನು ತಿಂದು ಬದುಕುವಂಥವು. ಮೀನಿನ ಆಹಾರದ ಪುಡಿ, ಮಲ, ಹೊಸ ಮರದ ತುಂಡಿನಿಂದ ಕರಗಿ ಬಂದ ಸಕ್ಕರೆಯಂಶ ಏನೇ ಸಿಕ್ಕರೂ ಆದೀತು. ಇವುಗಳ ಸಂಖ್ಯೆ ಒಂದೆರಡು ಗಂಟೆಯೊಳಗೇ ಇಮ್ಮಡಿಯಾಗಬಲ್ಲದು. ಹೊಸ ಟ್ಯಾಂಕಿನಲ್ಲಿ ತಿನ್ನಲು ಬೇಕಾದಷ್ಟಿದೆ, ಪೈಪೋಟಿಗೆ ಯಾರೂ ಇಲ್ಲ. ಹಾಗಾಗಿ ಅವು ನೀರಿನಲ್ಲೇ ತೇಲುತ್ತ ಕೋಟಿಗಟ್ಟಲೆ ಬೆಳೆಯುತ್ತವೆ. ಬೆಳಕನ್ನು ಚೆದುರಿಸುವಷ್ಟು ಅವು ಹೆಚ್ಚಿದಾಗ ನಮಗೆ ಕಾಣುವುದೇ ಆ ಬಿಳಿ ಮಬ್ಬು.

ತಿನ್ನಲು ಇದ್ದದ್ದು ಮುಗಿದ ಮೇಲೆ ಅವು ತಾವಾಗಿಯೇ ಇಳಿಯುತ್ತವೆ. ಕೆಲವು ಸಾಯುತ್ತವೆ, ಕೆಲವು ಸ್ಪಂಜು, ಕಲ್ಲು, ಗಾಜಿಗೆ ಅಂಟಿ ಕೂರುತ್ತವೆ. ಸಾಮಾನ್ಯವಾಗಿ ಕೆಲವು ದಿನಗಳಿಂದ ಒಂದೆರಡು ವಾರದೊಳಗೆ ನೀರು ತಿಳಿಯಾಗುತ್ತದೆ. ಅಷ್ಟರಲ್ಲಿ ನಾವು ಎಲ್ಲವನ್ನೂ ತೊಳೆದರೆ, ಅಂಟಿ ಕೂತವೆಲ್ಲ ಚರಂಡಿ ಪಾಲು. ಹೊಸದಾಗಿ ಹಾಕಿದ ಆಹಾರ ಮತ್ತೆ ತೇಲುವವಕ್ಕೆ ಸಿಗುತ್ತದೆ, ಮಬ್ಬು ಮೊದಲಿನಿಂದ ಶುರು. ನಿಧಾನವಾಗಿ ಬೆಳೆಯುತ್ತಿದ್ದ ಅಮೋನಿಯಾ ತಿನ್ನುವವುಗಳೂ ಜೊತೆಗೇ ಹೋದವು. ಅವುಗಳ ಮನೆ ನೀರಲ್ಲ, ಸ್ಪಂಜು ಮತ್ತು ಕಲ್ಲಿನ ಮೇಲ್ಮೈ. ಬೆಂಗಳೂರಿನ ಕಾವೇರಿ ನೀರಿನಂಥ ಶುದ್ಧೀಕರಿಸಿದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಬ್ಯಾಕ್ಟೀರಿಯಾ ಕೊಲ್ಲಲೆಂದೇ ಹಾಕಿದ ಕ್ಲೋರಿನ್, ಸ್ಪಂಜಿನಲ್ಲಿರುವುದು ಒಳ್ಳೆಯ ಬ್ಯಾಕ್ಟೀರಿಯಾ ಎಂದು ಬಿಡುವುದಿಲ್ಲ.

ಮಬ್ಬು ತಾನಾಗಿ ಮೀನಿಗೆ ವಿಷವಲ್ಲ. ಆದರೆ ಅಷ್ಟೊಂದು ಬ್ಯಾಕ್ಟೀರಿಯಾಗಳೂ ಆಮ್ಲಜನಕ ಬಳಸುತ್ತವೆ. ಬೇಸಿಗೆಯಲ್ಲಿ ಇದು ಇನ್ನೂ ಬಿಗಡಾಯಿಸುತ್ತದೆ, ಏಕೆಂದರೆ 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆ ಮಾತ್ರ. ಹಾಗಾಗಿ ಮಬ್ಬು ಇದ್ದಷ್ಟು ದಿನ ಏರ್ ಪಂಪ್ ಹಗಲು ರಾತ್ರಿ ಓಡಲಿ. ಸದ್ದಾಗುತ್ತದೆಂದು ಮಲಗುವಾಗ ಪಂಪ್ ಆರಿಸುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಬೆಳಿಗ್ಗೆ ಸತ್ತ ಮೀನು ಸಿಗುವುದಕ್ಕೆ ಎಷ್ಟೋ ಸಲ ಅದೇ ಕಾರಣ.

ಟ್ಯಾಂಕ್ ಕೂರಿಸುವುದು

ಮಬ್ಬು ಎಷ್ಟು ದಿನ ಕಾಡುತ್ತದೆ ಎನ್ನುವುದು ಬಹುಮಟ್ಟಿಗೆ ಮೊದಲ ದಿನವೇ ತೀರ್ಮಾನವಾಗುತ್ತದೆ. ಮೊದಲ ಮಾತು: ಗುಂಡಗಿನ ಗಾಜಿನ ಬಟ್ಟಲು ಬೇಡ. ನೋಡಲು ಚೆಂದ, ಟೇಬಲ್ ಮೇಲೆ ಹಿಡಿಯುತ್ತದೆ, ಮಕ್ಕಳಿಗೆ ಇಷ್ಟ, ಎಲ್ಲ ನಿಜ. ಆದರೆ ಮೂರು ಲೀಟರ್ ನೀರಿನಲ್ಲಿ ಅಮೋನಿಯಾ ಏರುವುದಕ್ಕೆ ಒಂದು ಚಿಟಿಕೆ ಆಹಾರ ಸಾಕು, ಫಿಲ್ಟರ್ ಇಡಲು ಜಾಗವಿಲ್ಲ. ಅದರಲ್ಲಿ ಗೋಲ್ಡ್ ಫಿಶ್ ಬಿಡುವುದಂತೂ ಅನ್ಯಾಯ. ಸರಿಯಾಗಿ ಬೆಳೆದರೆ ಗೋಲ್ಡ್ ಫಿಶ್ ಅಂಗೈಯನ್ನೂ ಮೀರುವ ಮೀನು.

ಹೊಸಬರಿಗೆ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ಒಳ್ಳೆಯದು. ಲೆಕ್ಕದಲ್ಲಿ ಅದು 56 ಲೀಟರ್. ಕಲ್ಲು ಹಾಕಿ, ಮೇಲೆ ಎರಡು ಬೆರಳು ಖಾಲಿ ಬಿಟ್ಟರೆ ನಿಜವಾಗಿ ಹಿಡಿಯುವುದು 45 ಲೀಟರ್ ಆಸುಪಾಸು. ನೀರು, ಗಾಜು, ಕಲ್ಲು ಸೇರಿ ತೂಕ 65–70 ಕಿಲೋ ಆಗುತ್ತದೆ. ಹಗುರ ಟಿವಿ ಸ್ಟ್ಯಾಂಡ್ ಅದನ್ನು ವರ್ಷಗಟ್ಟಲೆ ತಡೆಯುವುದಿಲ್ಲ. ಮಟ್ಟವಾದ ಗಟ್ಟಿ ಸ್ಟ್ಯಾಂಡ್, ಗಾಜಿನ ಅಡಿಗೆ ಒಂದು ಥರ್ಮೋಕೋಲ್ ಹಾಳೆ. ಥರ್ಮೋಕೋಲ್ ಬೇಕಾದದ್ದು, ಒಂದು ಸಣ್ಣ ಹರಳು ಅಡಿಗೆ ಸಿಕ್ಕಿದರೂ ತಳದ ಗಾಜು ಅಲ್ಲಿಂದ ಬಿರುಕು ಬಿಡುತ್ತದೆ ಎಂಬ ಕಾರಣಕ್ಕೆ. ತಂದ ದಿನವೇ ಮನೆಯ ಹೊರಗಿಟ್ಟು ನೀರು ತುಂಬಿ ಒಂದು ರಾತ್ರಿ ಬಿಟ್ಟು, ಮೂಲೆಗಳಲ್ಲಿ ಸೋರಿಕೆ ಇದೆಯೇ ನೋಡಿ. ಕಿಟಕಿಯ ಬಿಸಿಲು ನೇರ ಬೀಳುವ ಜಾಗ ಬೇಡ.

ಕಲ್ಲು ತೊಳೆಯುವುದರಲ್ಲಿ ಜಿಪುಣತನ ಬೇಡ. ಬಕೆಟ್‌ನಲ್ಲಿ ಕಾಲುಭಾಗ ಕಲ್ಲು ಹಾಕಿ, ನೀರು ಬಿಟ್ಟು, ಕೈಯಿಂದ ಅಡಿಮೇಲು ಮಾಡಿ ಬಗ್ಗಡ ಚೆಲ್ಲಿ. ಚೆಲ್ಲಿದ ನೀರು ಕುಡಿಯುವ ನೀರಿನಷ್ಟು ತಿಳಿಯಾಗುವವರೆಗೆ ಮಾಡಬೇಕು. ಒಂದು ಮೂಟೆ ಹೊಸ ಕಲ್ಲಿಗೆ ಹತ್ತು ಬಕೆಟ್ ನೀರು ಹೋದರೂ ಆಶ್ಚರ್ಯವಿಲ್ಲ. ಸೋಪು ಮಾತ್ರ ಮುಟ್ಟಿಸಬೇಡಿ. ಹೊಳೆ ದಂಡೆಯಿಂದ ಆರಿಸಿ ತಂದ ಕಲ್ಲಾದರೆ ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಿ. ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆ, ನೀರನ್ನು ಇನ್ನಷ್ಟು ಗಡುಸು ಮಾಡುತ್ತದೆ. ಕಡಲ ಚಿಪ್ಪಿಗೂ ಇದೇ ಮಾತು. ಕಲ್ಲು ಹರವಿದ ಮೇಲೆ ಅದರ ಮೇಲೊಂದು ತಟ್ಟೆ ಇಟ್ಟು, ತಟ್ಟೆಯ ಮೇಲೆ ನೀರು ಬೀಳುವಂತೆ ನಿಧಾನಕ್ಕೆ ಸುರಿಯಿರಿ. ಕಲ್ಲು ಕದಡುವುದಿಲ್ಲ.

ನಲ್ಲಿ ನೀರಾದರೆ ಬಕೆಟ್‌ನಲ್ಲಿ ಒಂದು ದಿನ ತೆರೆದಿಡಿ, ಏರ್ ಪಂಪಿನ ತುದಿಯ ಗುಳ್ಳೆ ಬಿಡುವ ಕಲ್ಲನ್ನು ಅದರೊಳಗೆ ಇಳಿಬಿಟ್ಟರೆ ಕ್ಲೋರಿನ್ ಇನ್ನೂ ಬೇಗ ಹೋಗುತ್ತದೆ. ಅಷ್ಟು ತಾಳ್ಮೆ ಇಲ್ಲದಿದ್ದರೆ ಅಂಗಡಿಯಲ್ಲಿ ‘ಆಂಟಿ ಕ್ಲೋರಿನ್’ ಎಂದು ಸಿಗುವ ಸೋಡಿಯಂ ಥಯೊಸಲ್ಫೇಟ್ ಆ ಕ್ಷಣವೇ ಕೆಲಸ ಮಾಡುತ್ತದೆ. ಬರೀ ಆರ್‌ಒ ನೀರು ತುಂಬುವುದು ಜಾಣತನವಲ್ಲ. ಖನಿಜಗಳೇ ಇಲ್ಲದ ನೀರಿನಲ್ಲಿ ಪಿಎಚ್ ಹಿಡಿತ ತಪ್ಪಿ ಕುಸಿಯುತ್ತದೆ, ಅಮೋನಿಯಾ ತಿನ್ನುವ ಜೀವಿಗಳಿಗೂ ಅದರಲ್ಲಿ ಬೆಳೆಯುವುದು ಕಷ್ಟ. ಬೋರ್‌ವೆಲ್ ನೀರು ತೀರಾ ಗಡುಸಾಗಿದ್ದರೆ ಅರ್ಧಕ್ಕರ್ಧ ಆರ್‌ಒ ಬೆರೆಸಬಹುದು.

ಫಿಲ್ಟರ್ ವಿಷಯದಲ್ಲಿ ನನ್ನ ಒಲವು ಸ್ಪಂಜ್ ಫಿಲ್ಟರಿನ ಕಡೆಗೆ. ಅಗ್ಗ, ಏರ್ ಪಂಪಿನಿಂದ ಓಡುತ್ತದೆ, ಮರಿ ಮೀನುಗಳನ್ನು ಎಳೆದುಕೊಳ್ಳುವುದಿಲ್ಲ, ಕೆಡಲು ಅದರಲ್ಲಿ ಏನೂ ಇಲ್ಲ. ಮೋಟಾರ್ ಇರುವ ಫಿಲ್ಟರ್ ಕೊಳ್ಳುವುದಾದರೆ ಗಂಟೆಗೆ ಟ್ಯಾಂಕಿನ ನೀರಿನ ನಾಲ್ಕೈದು ಪಟ್ಟು ಹಾಯಿಸುವಂಥದ್ದಿರಲಿ. ಹೀಟರ್ ಮಂಗಳೂರು, ಉಡುಪಿ ಕಡೆ ಹೆಚ್ಚಾಗಿ ಬೇಕಾಗುವುದಿಲ್ಲ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನ ಡಿಸೆಂಬರ್ ರಾತ್ರಿಗಳಿಗೆ ಬೇಕು, ಲೀಟರಿಗೆ ಸುಮಾರು ಒಂದು ವಾಟ್ ಲೆಕ್ಕ.

ಇನ್ನು ಮುಖ್ಯವಾದದ್ದು. ನೀರು ತುಂಬಿದ ದಿನವೇ ಮೀನು ತರಬೇಡಿ. ಅಂಗಡಿಯವರು ಟ್ಯಾಂಕ್ ಜೊತೆಗೇ ಹತ್ತು ಮೀನು ಕಟ್ಟಿಕೊಡಲು ನೋಡುತ್ತಾರೆ, ಮಕ್ಕಳೂ ಬಿಡುವುದಿಲ್ಲ. ಫಿಲ್ಟರ್ ಓಡುತ್ತಿರಲಿ, ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಮಾತ್ರ ಖಾಲಿ ನೀರಿಗೆ ಬೀಳಲಿ. ಅದು ಕೊಳೆತು ಅಮೋನಿಯಾ ಹುಟ್ಟಿ, ಅದನ್ನು ತಿನ್ನುವವು ಬೆಳೆಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಇದ್ದರೆ ಕಥೆ ಕಣ್ಣೆದುರೇ ನಡೆಯುತ್ತದೆ: ಮೊದಲು ಅಮೋನಿಯಾ ಏರುತ್ತದೆ, ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ, ಅದೂ ಇಳಿದು ನೈಟ್ರೇಟ್ ಕಾಣಿಸಿಕೊಳ್ಳುತ್ತದೆ. ಮೊದಲ ಎರಡೂ ಸೊನ್ನೆಗೆ ಬಂದ ದಿನ ಟ್ಯಾಂಕ್ ಸಿದ್ಧ.

ಕಾಯುವ ಕಾಲವನ್ನು ಕಡಿಮೆ ಮಾಡುವ ಒಂದು ದಾರಿಯಿದೆ, ಮತ್ತು ಅದಕ್ಕೆ ದುಡ್ಡು ಬೇಕಿಲ್ಲ. ಮೊಸರು ಮಾಡಲು ಪಕ್ಕದ ಮನೆಯಿಂದ ಹೆಪ್ಪು ತರುವ ಹಾಗೆ, ಮೀನು ಸಾಕಿರುವ ಸ್ನೇಹಿತರ ಮನೆಯಿಂದ ಅವರ ಫಿಲ್ಟರಿನ ಹಳೆಯ ಸ್ಪಂಜಿನ ತುಂಡೊಂದನ್ನು ಕೇಳಿ ತನ್ನಿ. ಒಣಗಲು ಬಿಡದೆ, ಅವರ ಟ್ಯಾಂಕಿನ ನೀರಿನಲ್ಲೇ ಕವರಿನಲ್ಲಿ ಕಟ್ಟಿಸಿಕೊಂಡು ಬಂದು ನಿಮ್ಮ ಫಿಲ್ಟರಿಗೆ ತುರುಕಿ. ಕೆಲಸ ವಾರಗಳಿಂದ ದಿನಗಳಿಗೆ ಇಳಿಯುತ್ತದೆ. ಅವರ ಟ್ಯಾಂಕಿನಲ್ಲಿ ಈಚೆಗೆ ಮೀನಿಗೆ ರೋಗ ಬಂದಿತ್ತೇ ಎಂದು ಮಾತ್ರ ವಿಚಾರಿಸಿಕೊಳ್ಳಿ. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾಗಳ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ಕೆಲವು ಕೆಲಸ ಮಾಡುತ್ತವೆ, ಆದರೆ ಬಿಸಿಲಲ್ಲಿ ಲಾರಿಯೇರಿ ಬಂದು ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತದ್ದರಲ್ಲಿ ಎಷ್ಟು ಜೀವ ಉಳಿದಿದೆಯೋ!

ಮೀನು ತಂದಾಗ ಕವರನ್ನು ಹದಿನೈದು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಸ್ವಲ್ಪ ಸ್ವಲ್ಪ ಟ್ಯಾಂಕಿನ ನೀರು ಬೆರೆಸಿ, ಬಲೆಯಲ್ಲಿ ಮೀನನ್ನು ಮಾತ್ರ ಎತ್ತಿ ಬಿಡಿ. ಅಂಗಡಿಯ ನೀರು ಒಳಗೆ ಬೇಡ. ಮೊದಲ ಸಲ ಐದಾರು ಸಣ್ಣ ಮೀನು ಸಾಕು, ಗಪ್ಪಿಯೋ ಪ್ಲಾಟಿಯೋ ಝೀಬ್ರಾ ಡೇನಿಯೊವೋ. ಬ್ಯಾಕ್ಟೀರಿಯಾಗಳು ಅಷ್ಟಕ್ಕೆ ಹೊಂದಿಕೊಂಡ ಮೇಲೆ ಇನ್ನಷ್ಟು.

ಗಾಜಿನ ಲೋಟದ ಪರೀಕ್ಷೆ

ಎಲ್ಲ ಮಬ್ಬೂ ಬ್ಯಾಕ್ಟೀರಿಯಾದ್ದಲ್ಲ. ಯಾವುದು ಎಂದು ತಿಳಿಯದೆ ಔಷಧಿ ಹಾಕುವುದಕ್ಕಿಂತ, ಒಂದು ಗಾಜಿನ ಲೋಟದಲ್ಲಿ ಟ್ಯಾಂಕಿನ ನೀರು ತುಂಬಿ, ಹಿಂದೆ ಬಿಳಿ ಹಾಳೆ ಹಿಡಿದು ಹಗಲು ಬೆಳಕಿನಲ್ಲಿ ನೋಡಿ. ಟ್ಯಾಂಕಿನಲ್ಲಿ ನೋಡಿದರೆ ಲೈಟು, ಹಿಂದಿನ ಚಿತ್ರ, ಕಲ್ಲಿನ ಬಣ್ಣ ಎಲ್ಲ ಸೇರಿ ದಾರಿ ತಪ್ಪಿಸುತ್ತವೆ. ಲೋಟ ಸುಳ್ಳು ಹೇಳುವುದಿಲ್ಲ. ನೋಡಿದ ಮೇಲೆ ಆ ಲೋಟವನ್ನು ಅಲುಗಾಡಿಸದೆ ರಾತ್ರಿಯಿಡೀ ಹಾಗೇ ಬಿಡಿ.

ಬೆಳಿಗ್ಗೆ ಮೇಲಿನ ನೀರು ತಿಳಿಯಾಗಿ, ತಳದಲ್ಲಿ ತೆಳು ಪದರ ಕೂತಿದ್ದರೆ ಅದು ದೂಳು. ಕಲ್ಲು ಸರಿಯಾಗಿ ತೊಳೆದಿಲ್ಲ ಎಂದರ್ಥ. ಫಿಲ್ಟರ್ ಒಳಗೆ ಸ್ವಲ್ಪ ಪಾಲಿಯೆಸ್ಟರ್ ಹತ್ತಿ ಇಟ್ಟು, ಎರಡು ದಿನಕ್ಕೊಮ್ಮೆ ಬದಲಿಸಿದರೆ ಹಿಡಿದುಕೊಳ್ಳುತ್ತದೆ. ತಳದ ಪದರ ಅಚ್ಚ ಬಿಳಿ ಪುಡಿಯಾಗಿದ್ದು ನೀವು ತುಂಬಿದ್ದು ಬೋರ್‌ವೆಲ್ ನೀರಾಗಿದ್ದರೆ ಮೇಲಿನ ನೀರು ಬಗ್ಗಿಸಿ, ಪುಡಿಯ ಮೇಲೆ ವಿನೆಗರ್ ಬಿಡಿ. ಗುಳ್ಳೆ ಎದ್ದು ಕರಗಿದರೆ ಸುಣ್ಣ. ನೆಲದಾಳದ ನೀರಿನಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಟ್ಯಾಂಕಿನಲ್ಲಿ ಗಾಳಿಗೆ ಹಾರಿಹೋದಾಗ ಪಿಎಚ್ ಏರುತ್ತದೆ, ಅಷ್ಟು ಹೊತ್ತೂ ಕರಗಿಕೊಂಡಿದ್ದ ಸುಣ್ಣ ಹೊರಬೀಳುತ್ತದೆ. ಗಾಜಿನ ಮೇಲಂಚಿನಲ್ಲಿ ಕಟ್ಟುವ ಬಿಳಿ ಗೆರೆಯೂ ಇದೇ. ನೀರನ್ನು ಮೊದಲೇ ಬಕೆಟ್‌ನಲ್ಲಿ ಒಂದು ದಿನ ಗಾಳಿಯಾಡಿಸಿ, ಮೇಲಿನದ್ದನ್ನು ಮಾತ್ರ ಬಳಸಿದರೆ ಬಹುಪಾಲು ತಪ್ಪುತ್ತದೆ.

ಬೆಳಿಗ್ಗೆಯೂ ಲೋಟ ಹಿಂದಿನ ರಾತ್ರಿಯಷ್ಟೇ ಬಿಳಿಯಾಗಿದ್ದು, ತಳದಲ್ಲಿ ಏನೂ ಕೂರದಿದ್ದರೆ ಬ್ಯಾಕ್ಟೀರಿಯಾ. ಏರ್ ಪಂಪ್ ಜೋರು ಮಾಡಿ, ಆಹಾರ ಎರಡು ದಿನ ನಿಲ್ಲಿಸಿ, ಕಾಯಿರಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಅಥವಾ ಕಿಟ್‌ನಲ್ಲಿ ಅಮೋನಿಯಾ ಇಲ್ಲವೇ ನೈಟ್ರೈಟ್ ಕಂಡರೆ ಕಾಲುಭಾಗ ನೀರು ಬದಲಿಸಿ, ಬೇಕಾದರೆ ಮರುದಿನ ಇನ್ನೊಮ್ಮೆ. ಕಲ್ಲಿಗೂ ಸ್ಪಂಜಿಗೂ ಕೈ ಹಚ್ಚಬೇಡಿ. ನೈಟ್ರೈಟ್ ಇದ್ದಾಗ ಅಂಗಡಿಯವರು ಹೇಳುವ ಕಲ್ಲುಪ್ಪಿನ ಮದ್ದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನ ಬಳಿಯೇ ತಡೆಯುತ್ತದೆ. 50 ಲೀಟರಿಗೆ ಒಂದೆರಡು ಟೀ ಚಮಚ, ನೀರಿನಲ್ಲಿ ಕರಗಿಸಿ ಹಾಕಬೇಕು. ಉಳಿದೆಲ್ಲ ಕಾಯಿಲೆಗೂ ಹಿಡಿಗಟ್ಟಲೆ ಉಪ್ಪು ಸುರಿಯುವುದಕ್ಕೆ ಅರ್ಥವಿಲ್ಲ.

ಲೋಟದ ನೀರು ತಿಳಿಯಾಗಿಯೇ ಇದ್ದು, ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಮರದ ತುಂಡಿನ ಟ್ಯಾನಿನ್. ಮೀನಿಗೆ ಏನೂ ತೊಂದರೆಯಿಲ್ಲ. ಫೈಟರ್ ಮೀನು ಸಾಕುವವರು ಕಾಡುಬಾದಾಮಿಯ ಒಣ ಎಲೆ ಹಾಕಿ ಬೇಕೆಂದೇ ನೀರಿಗೆ ಈ ಬಣ್ಣ ಬರಿಸುತ್ತಾರೆ. ಬೇಡವೆಂದರೆ ಮರವನ್ನು ಮೊದಲೇ ಕುದಿಸಿ, ವಾರಗಟ್ಟಲೆ ನೆನೆಹಾಕಿ, ಅಥವಾ ಫಿಲ್ಟರಿನಲ್ಲಿ ಇದ್ದಿಲಿನ ಹರಳು ಇಡಿ.

ಹಸಿರಾಗಿದ್ದರೆ ತೇಲುವ ಪಾಚಿ. ಒಂದೊಂದೂ ಒಂದೇ ಕೋಶದ್ದಾದ್ದರಿಂದ ಸ್ಪಂಜಿನ ತೂತುಗಳಲ್ಲಿ ಸಲೀಸಾಗಿ ನುಸುಳುತ್ತವೆ, ನೀರು ಬದಲಿಸಿದರೆ ಉಳಿದವು ಎರಡೇ ದಿನದಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. ಕಾರಣ ಬೆಳಕು ಮತ್ತು ಗೊಬ್ಬರ, ಅಂದರೆ ಕಿಟಕಿಯ ಬಿಸಿಲು, ದಿನವಿಡೀ ಉರಿಯುವ ಲೈಟು, ಜಾಸ್ತಿ ಆಹಾರ. ಟ್ಯಾಂಕಿಗೆ ದಪ್ಪ ಕಂಬಳಿ ಹೊದಿಸಿ ಮೂರು ನಾಲ್ಕು ದಿನ ಪೂರ್ತಿ ಕತ್ತಲಲ್ಲಿಡಿ, ಏರ್ ಪಂಪ್ ಓಡುತ್ತಿರಲಿ. ಕಂಬಳಿ ತೆಗೆದ ದಿನ ಮೂರನೇ ಒಂದು ಭಾಗ ನೀರು ಬದಲಿಸಬೇಕು, ಸತ್ತ ಪಾಚಿಯೂ ಅಮೋನಿಯಾವೇ ಆಗುತ್ತದೆ. ಆಮೇಲೆ ಲೈಟು ದಿನಕ್ಕೆ ಆರರಿಂದ ಎಂಟು ಗಂಟೆ ಸಾಕು. ಪದೇ ಪದೇ ಬರುವುದಾದರೆ ಯುವಿ ದೀಪವಿರುವ ಫಿಲ್ಟರ್ ಕೊಳ್ಳಬಹುದು, ಹಸಿರು ನೀರಿಗೆ ಅದರಷ್ಟು ಖಚಿತವಾದದ್ದು ಬೇರೆಯಿಲ್ಲ.

ಹಳೆಯ ಟ್ಯಾಂಕ್ ಇದ್ದಕ್ಕಿದ್ದಂತೆ ಬೆಳ್ಳಗಾದರೆ

ವರ್ಷದಿಂದ ಚೆನ್ನಾಗಿದ್ದ ನೀರು ಒಂದು ದಿನ ಬಿಳಿಯಾಯಿತೆಂದರೆ ಹಿಂದಿನ ವಾರ ಏನಾಯಿತು ಎಂದು ನೆನಪಿಸಿಕೊಳ್ಳಿ. ಮೀನು ಎಣಿಸಿ, ಒಂದು ಕಡಿಮೆಯಿದ್ದರೆ ಕಲ್ಲಿನ ಹಿಂದೆ, ಗಿಡದ ಬುಡದಲ್ಲಿ, ಫಿಲ್ಟರಿನ ಸಂದಿಯಲ್ಲಿ ಹುಡುಕಿ. ಕರೆಂಟು ಹಲವು ಗಂಟೆ ಹೋಗಿತ್ತೇ? ಮುಚ್ಚಿದ ಡಬ್ಬಿಯಂಥ ಫಿಲ್ಟರುಗಳಲ್ಲಿ ನೀರು ನಿಂತರೆ ಒಳಗಿನ ಆಮ್ಲಜನಕ ಬೇಗ ಮುಗಿದು ಬ್ಯಾಕ್ಟೀರಿಯಾಗಳು ಸಾಯತೊಡಗುತ್ತವೆ. ಕರೆಂಟು ಬಂದೊಡನೆ ಆ ಕೆಟ್ಟ ನೀರೆಲ್ಲ ಟ್ಯಾಂಕಿಗೆ ನುಗ್ಗುತ್ತದೆ. ಬಹಳ ಹೊತ್ತು ನಿಂತಿದ್ದ ಫಿಲ್ಟರನ್ನು ಬಿಚ್ಚಿ, ಒಳಗಿನ ನೀರು ಚೆಲ್ಲಿಯೇ ಮತ್ತೆ ಓಡಿಸಬೇಕು. ಬ್ಯಾಟರಿಯ ಏರ್ ಪಂಪೊಂದು ಮನೆಯಲ್ಲಿದ್ದರೆ ಮಳೆಗಾಲದಲ್ಲಿ ನೆಮ್ಮದಿ.

ಸ್ಪಂಜ್ ತೊಳೆಯಲೇಬೇಕಾದಾಗ, ಅಂದರೆ ನೀರಿನ ಹರಿವು ಕಮ್ಮಿಯಾದಾಗ, ನೀರು ಬದಲಿಸುವ ದಿನ ಹೊರತೆಗೆದ ಹಳೆಯ ನೀರಿನಲ್ಲೇ ಎರಡು ಮೂರು ಸಲ ಅದ್ದಿ ಹಿಂಡಿ. ಕಂದು ಬಣ್ಣ ಉಳಿದರೆ ಉಳಿಯಲಿ. ಎರಡು ಸ್ಪಂಜ್ ಇದ್ದರೆ ಒಂದು ಸಲಕ್ಕೆ ಒಂದು.

ಅಂಗಡಿಗೆ ಹೋಗಿ ‘ನೀರು ಬೆಳ್ಳಗಾಗಿದೆ’ ಎಂದರೆ ಕೈಗೆ ಬರುವುದು ಸಣ್ಣ ಬಾಟಲಿ. ‘ಸಾರ್, ಇದು ನಾಲ್ಕು ಡ್ರಾಪ್ ಹಾಕಿ, ಸರಿಹೋಗುತ್ತೆ.’ ನೀಲಿ ಬಣ್ಣದ್ದು ಹೆಚ್ಚಾಗಿ ಮೆಥಿಲೀನ್ ಬ್ಲೂ. ಕೆಲವು ಬೂಷ್ಟು ರೋಗಗಳಿಗೆ ಅದು ಒಳ್ಳೆಯ ಔಷಧಿಯೇ, ಆದರೆ ಬೇರೆ ಬಕೆಟ್‌ನಲ್ಲಿ ರೋಗದ ಮೀನಿಗೆ ಹಾಕಬೇಕಾದದ್ದು. ಟ್ಯಾಂಕಿಗೆ ಬಿದ್ದರೆ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೇ ಪೆಟ್ಟು, ಗಾಜಿನ ಅಂಟು ಕೂಡ ಶಾಶ್ವತವಾಗಿ ನೀಲಿ. ನೀರನ್ನು ಕ್ಷಣದಲ್ಲಿ ತಿಳಿ ಮಾಡುವ ದ್ರವಗಳು ತೇಲುವ ಕಣಗಳನ್ನು ಒಂದಕ್ಕೊಂದು ಅಂಟಿಸಿ ಗಂಟು ಕಟ್ಟಿಸುತ್ತವೆ, ದೂಳಿಗಾದರೆ ನಡೆಯುತ್ತದೆ. ಮನೆಯ ಹಿರಿಯರು ಪಟಿಕ ಸುತ್ತಿಸಿ ಎನ್ನಬಹುದು. ಕೆರೆಯ ಬಗ್ಗಡ ನೀರನ್ನು ಕುಡಿಯಲು ತಿಳಿ ಮಾಡುವಾಗ ನಡೆಯುವುದೂ ಅದೇ ಕ್ರಿಯೆ. ಆದರೆ ಪಟಿಕ ನೀರಿನ ಕ್ಷಾರವನ್ನು ತಿಂದು ಪಿಎಚ್ ಇಳಿಸುತ್ತದೆ, ಪಿಎಚ್ ಇಳಿದ ನೀರಿನಲ್ಲಿ ಅಲ್ಯೂಮಿನಿಯಂ ಕಿವಿರಿಗೆ ವಿಷ. ಮೀನಿರುವ ನೀರಿಗೆ ಅದು ಬೇಡ.

ಇನ್ನೊಂದು ಮಾರಾಟದ ಮಾತು ‘ಟ್ಯಾಂಕ್ ಕ್ಲೀನರ್’ ಮೀನು. ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ಈ ಸಕ್ಕರ್ ಮೀನು ಸ್ವಲ್ಪ ಪಾಚಿ ತಿನ್ನುವುದು ನಿಜ, ಮಬ್ಬು ನೀರಿಗೆ ಮಾತ್ರ ಅದರಿಂದ ಏನೂ ಆಗದು. ತಾನೇ ಎಲ್ಲರಿಗಿಂತ ಹೆಚ್ಚು ಹೊಲಸು ಮಾಡುತ್ತದೆ, ಒಂದಡಿ ಮೀರಿ ಬೆಳೆಯುತ್ತದೆ. 2 ಅಡಿ ಟ್ಯಾಂಕಿನಲ್ಲಿ ತಿರುಗಲಾಗದಷ್ಟು ದೊಡ್ಡದಾದಾಗ ಜನ ಅದನ್ನು ಕೆರೆಗೆ ಬಿಟ್ಟು ಬರುತ್ತಾರೆ. ದಕ್ಷಿಣ ಅಮೆರಿಕದ ಈ ಮೀನು ಭಾರತದ ಎಷ್ಟೋ ಕೆರೆ ಹೊಳೆಗಳಲ್ಲಿ ಬೇರೂರಿ, ಬಲೆ ಹರಿದು, ಸ್ಥಳೀಯ ಮೀನುಗಳ ಜಾಗ ಕಿತ್ತುಕೊಂಡಿರುವುದು ಹೀಗೇ. ಸಾಕಲಾಗದಿದ್ದರೆ ಅಂಗಡಿಗೆ ವಾಪಸ್ ಕೊಡಿ.

ಮತ್ತೆ ಮತ್ತೆ ಮಬ್ಬಾಗುವ ಟ್ಯಾಂಕುಗಳಲ್ಲಿ ನಾನು ಮೊದಲು ಅನುಮಾನಿಸುವುದು ಆಹಾರದ ಡಬ್ಬಿಯನ್ನು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಒಂದು ಅಥವಾ ಎರಡು ಸಲ, ಅಷ್ಟೇ. ಹತ್ತಿರ ಹೋದಾಗಲೆಲ್ಲ ಮೀನು ಮೇಲೆ ಬಂದು ಬಾಯಾಡಿಸುವುದು ಹಸಿವಿಗಲ್ಲ, ಹತ್ತಿರ ಬಂದವರು ಆಹಾರ ಹಾಕುತ್ತಾರೆಂದು ಕಲಿತದ್ದಕ್ಕೆ. ಮನೆಯಲ್ಲಿ ನಾಲ್ಕು ಜನರಿದ್ದು ನಾಲ್ವರೂ ಪ್ರೀತಿಯಿಂದ ಒಂದೊಂದು ಚಿಟಿಕೆ ಹಾಕಿದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಯಾರು ಹಾಕಬೇಕೆಂದು ಒಬ್ಬರನ್ನು ಗೊತ್ತು ಮಾಡಿ. ದೀಪಾವಳಿಗೆ ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಡಬ್ಬಿ ಕೊಟ್ಟು ಹೋಗುವ ಪದ್ಧತಿ ಇದೆಯಲ್ಲ, ಅದೂ ಬೇಡ. ಬೆಳೆದ, ಆರೋಗ್ಯವಾದ ಮೀನುಗಳು ಒಂದು ವಾರ ಏನೂ ತಿನ್ನದೆ ಇರಬಲ್ಲವು. ಅದಕ್ಕಿಂತ ಹೆಚ್ಚು ದಿನವಾಗುವುದಾದರೆ ಒಂದೊಂದು ಹೊತ್ತಿನದನ್ನು ಬೇರೆ ಬೇರೆ ಕಾಗದದ ಪೊಟ್ಟಣ ಕಟ್ಟಿ, ಮೇಲೆ ತಾರೀಖು ಬರೆದು ಕೊಟ್ಟು, ಡಬ್ಬಿಯನ್ನು ಬೀರುವಿನೊಳಗಿಟ್ಟು ಹೋಗಿ.